ಹಾಟ್ ರಾಡ್‌ಗೆ ಮೂಲ ಕಾರು ಯಾವುದು? ಹಳೆಯ ಸ್ಪೋರ್ಟ್ಸ್ ಕಾರುಗಳ ಆಯ್ಕೆ ಕುರಿತು ಒಂದು ಸಮೀಕ್ಷೆ

ಹಳೆಯ ಕಾರೊಂದರ ಮೈಯನ್ನು ಉಳಿಸಿಕೊಂಡು, ಅದರ ಎಂಜಿನ್, ಗೇರ್‌ಬಾಕ್ಸ್, ಬ್ರೇಕ್ ಮೊದಲಾದವುಗಳ ಜಾಗದಲ್ಲಿ ಹೆಚ್ಚು ಶಕ್ತಿಯ ಭಾಗಗಳನ್ನು ಕೂರಿಸಿ, ವೇಗವನ್ನೇ ಗುರಿಯಾಗಿಟ್ಟುಕೊಂಡು ಮತ್ತೆ ಕಟ್ಟಿದ ವಾಹನವನ್ನು ಅಮೆರಿಕದವರು ಹಾಟ್ ರಾಡ್ ಎಂದು ಕರೆದರು. ಇದು ಜೀರ್ಣೋದ್ಧಾರವಲ್ಲ. ಜೀರ್ಣೋದ್ಧಾರ ಮಾಡುವವರು ಕಾರ್ಖಾನೆಯಿಂದ ಹೊರಬಿದ್ದ ದಿನದ ಸ್ಥಿತಿಗೆ ಕಾರನ್ನು ಮರಳಿಸಲು ಶ್ರಮಿಸಿದರೆ, ಹಾಟ್ ರಾಡ್ ಕಟ್ಟುವವರು ಕಾರ್ಖಾನೆ ಮಾಡದೆ ಬಿಟ್ಟದ್ದನ್ನು ತಾವು ಮಾಡಲು ಹೊರಡುತ್ತಾರೆ. ಈ ಲೇಖನದ ವಸ್ತು ಆ ಸಂಪ್ರದಾಯದ ಒಂದು ಕವಲು ಮಾತ್ರ: 1950ರಿಂದ 1970ರ ದಶಕದವರೆಗೆ ಬ್ರಿಟನ್, ಜಪಾನ್ ಮತ್ತು ಅಮೆರಿಕಗಳಲ್ಲಿ ತಯಾರಾದ, ತಗ್ಗಾಗಿ ಹಗುರವಾಗಿರುವ, ಎರಡೇ ಆಸನಗಳ ಸ್ಪೋರ್ಟ್ಸ್ ಕಾರುಗಳನ್ನು ಮೂಲವಾಗಿಟ್ಟುಕೊಂಡ ಹಾಟ್ ರಾಡ್‌ಗಳು. ಇಂಥ ಕೆಲಸಕ್ಕೆ ಕೈಹಾಕುವವರು ಸಾಮಾನ್ಯವಾಗಿ ಯಾವ ಎಂಜಿನ್ ಹಾಕಬೇಕೆಂಬ ಪ್ರಶ್ನೆಯಿಂದ ಆರಂಭಿಸುತ್ತಾರೆ. ಆದರೆ ಕಳೆದ ಎಪ್ಪತ್ತು ವರ್ಷಗಳ ಉದಾಹರಣೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಕೆಲಸದ ಯಶಸ್ಸು ನಿರ್ಧಾರವಾಗುವುದು ಮೊದಲು ಕೊಂಡ ಕಾರಿನ ಕಬ್ಬಿಣದಿಂದ, ಎಂಜಿನ್‌ನಿಂದಲ್ಲ ಎಂಬುದು ಕಾಣುತ್ತದೆ.

ಹಾಟ್ ರಾಡ್‌ನ ತವರು 1930ರ ದಶಕದ ದಕ್ಷಿಣ ಕ್ಯಾಲಿಫೋರ್ನಿಯಾ. ಅಲ್ಲಿನ ಮುರಾಕ್, ಎಲ್ ಮಿರಾಜ್ ಮೊದಲಾದ ಒಣಗಿದ ಕೆರೆಯಂಗಳಗಳ ಗಟ್ಟಿ ನೆಲದ ಮೇಲೆ ಯುವಕರು ತಾವೇ ತಿದ್ದಿದ ಕಾರುಗಳನ್ನು ಓಡಿಸಿ ವೇಗ ಅಳೆಯುತ್ತಿದ್ದರು. 1937ರಲ್ಲಿ ಈ ಓಟಗಳನ್ನು ಕ್ರಮಬದ್ಧಗೊಳಿಸಲು ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಸ್ಥಾಪನೆಯಾಯಿತು. ಅವರ ಕೈಗೆ ಸಿಕ್ಕಿದ್ದು ಬಹುಮಟ್ಟಿಗೆ ಫೋರ್ಡ್ ಕಾರುಗಳೇ. 1908ರಿಂದ 1927ರವರೆಗೆ ಒಂದೂವರೆ ಕೋಟಿಯಷ್ಟು ತಯಾರಾದ ಮಾಡೆಲ್ ಟಿ, ಅದರ ನಂತರದ ಮಾಡೆಲ್ ಎ, ಮತ್ತು 1932ರಲ್ಲಿ 65 ಅಶ್ವಶಕ್ತಿಯ ವಿ8 ಎಂಜಿನ್‌ನೊಂದಿಗೆ ಬಂದ ಹೊಸ ಫೋರ್ಡ್, ಇವು ಗುಜರಿ ಅಂಗಳಗಳಲ್ಲಿ ಅಗ್ಗವಾಗಿ ದೊರೆಯುತ್ತಿದ್ದವು. ವಿ8 ಎಂದರೆ ನಾಲ್ಕು ನಾಲ್ಕು ಸಿಲಿಂಡರ್‌ಗಳ ಎರಡು ಸಾಲುಗಳು ಇಂಗ್ಲಿಷಿನ ವಿ ಅಕ್ಷರದಂತೆ ಓರೆಯಾಗಿ ಕೂಡಿರುವ ಎಂಜಿನ್. ಎಂಟು ಸಿಲಿಂಡರ್‌ಗಳನ್ನು ಕಡಿಮೆ ಉದ್ದದಲ್ಲಿ ಅಡಕಗೊಳಿಸುವುದೇ ಅದರ ಗುಣ. ಆ ಯುವಕರು ಫೋರ್ಡ್ ಆರಿಸಿಕೊಂಡದ್ದು ಅಭಿಮಾನದಿಂದಲ್ಲ. ಎಲ್ಲೆಡೆ ಸಿಗುತ್ತಿತ್ತು, ಬಿಡಿಭಾಗ ಸುಲಭವಾಗಿತ್ತು, ಮೈಯನ್ನು ಚಾಸಿಸ್‌ನಿಂದ, ಅಂದರೆ ಅದನ್ನು ಹೊತ್ತ ಕೆಳಗಿನ ಉಕ್ಕಿನ ಚೌಕಟ್ಟಿನಿಂದ, ಬೋಲ್ಟ್ ಬಿಚ್ಚಿ ಬೇರ್ಪಡಿಸಬಹುದಿತ್ತು, ಕೆಟ್ಟರೆ ಯಾರೂ ಅಳುವಂತಿರಲಿಲ್ಲ. ಮೂಲ ಕಾರಿನ ಆಯ್ಕೆಗೆ ಇವಕ್ಕಿಂತ ಉತ್ತಮ ಮಾನದಂಡಗಳನ್ನು ಆಮೇಲೆ ಬಂದವರೂ ಕಂಡುಕೊಂಡಂತಿಲ್ಲ.

ಸ್ಪೋರ್ಟ್ಸ್ ಕಾರಿನ ಕವಲು ಎರಡನೆಯ ಮಹಾಯುದ್ಧದ ನಂತರ ಚಿಗುರಿತು. ಲಂಡನ್ನಿನ ಸಿಡ್ನಿ ಅಲ್ಲಾರ್ಡ್ ತಮ್ಮ ಜೆ2 ಕಾರುಗಳನ್ನು ಅಮೆರಿಕಕ್ಕೆ ಎಂಜಿನ್ ಇಲ್ಲದೆ ಕಳುಹಿಸುತ್ತಿದ್ದರು, ಅಲ್ಲಿನ ಕೊಳ್ಳುಗರು ಕ್ಯಾಡಿಲಾಕ್ ಅಥವಾ ಕ್ರೈಸ್ಲರ್ ವಿ8 ಎಂಜಿನ್ ಹಾಕಿಸಿಕೊಳ್ಳುತ್ತಿದ್ದರು. 1950ರ ಲ ಮಾನ್ಸ್ 24 ಗಂಟೆಗಳ ಓಟದಲ್ಲಿ ಕ್ಯಾಡಿಲಾಕ್ ಎಂಜಿನ್‌ನ ಅಲ್ಲಾರ್ಡ್ ಮೂರನೆಯ ಸ್ಥಾನ ಗಳಿಸಿತು. ಆದರೆ ಹಾಟ್ ರಾಡ್ ಪರಂಪರೆಯೂ ಬ್ರಿಟಿಷ್ ಸ್ಪೋರ್ಟ್ಸ್ ಕಾರೂ ಒಂದೇ ಛಾವಣಿಯ ಕೆಳಗೆ ನಿಜವಾಗಿ ಕೂಡಿದ್ದು 1962ರ ಫೆಬ್ರವರಿಯಲ್ಲಿ, ಕ್ಯಾಲಿಫೋರ್ನಿಯಾದ ಸಾಂಟಾ ಫೆ ಸ್ಪ್ರಿಂಗ್ಸ್‌ನಲ್ಲಿದ್ದ ಡೀನ್ ಮೂನ್ ಅವರ ವರ್ಕ್‌ಶಾಪಿನಲ್ಲಿ. ಹಾಟ್ ರಾಡ್ ಬಿಡಿಭಾಗಗಳಿಗೆ ಹೆಸರಾಗಿದ್ದ ಆ ಜಾಗದಲ್ಲಿ ಮಾಜಿ ರೇಸ್ ಚಾಲಕ ಕ್ಯಾರೊಲ್ ಶೆಲ್ಬಿ ಮತ್ತು ಅವರ ಸಂಗಡಿಗರು ಇಂಗ್ಲೆಂಡಿನ ಎಸಿ ಏಸ್ ಕಾರಿನ ಚಾಸಿಸ್ಸಿಗೆ 260 ಘನ ಅಂಗುಲದ, ಅಂದರೆ ಸುಮಾರು 4.3 ಲೀಟರಿನ, ಫೋರ್ಡ್ ವಿ8 ಎಂಜಿನ್ ಕೂರಿಸಿದರು. ಕೋಬ್ರಾ ಹುಟ್ಟಿದ್ದು ಹೀಗೆ. ಅದೇ ಮೊದಲ ಕಾರು 2016ರ ಹರಾಜಿನಲ್ಲಿ 1.375 ಕೋಟಿ ಡಾಲರಿಗೆ ಮಾರಾಟವಾಯಿತು.

ಕೋಬ್ರಾದ ಕಥೆಯನ್ನು ಸಾಮಾನ್ಯವಾಗಿ ವಿಜಯಗಾಥೆಯಾಗಿ ಹೇಳುವುದುಂಟು. ಮೂಲ ಕಾರು ಆರಿಸುವವರಿಗೆ ಅದು ಒಂದು ಎಚ್ಚರಿಕೆಯಾಗಿಯೂ ಓದಿಸಿಕೊಳ್ಳುತ್ತದೆ. ಏಸ್ ಕಾರಿಗೆ ಮೊದಲಿದ್ದದ್ದು ಸುಮಾರು ಎರಡು ಲೀಟರಿನ ಆರು ಸಿಲಿಂಡರ್‌ಗಳ ಎಂಜಿನ್. ಅದರ ಎರಡರಷ್ಟು ಶಕ್ತಿ ಬಂದೊಡನೆ ಹಿಂದಿನ ಡಿಫರೆನ್ಷಿಯಲ್, ಅಂದರೆ ಎಂಜಿನ್ನಿನ ತಿರುಗುಬಲವನ್ನು ಎರಡು ಹಿಂದಿನ ಚಕ್ರಗಳಿಗೆ ಹಂಚುವ ಗೇರುಗಳ ಪೆಟ್ಟಿಗೆ, ಸಾಲದಾಯಿತು. ಅದರ ಜಾಗಕ್ಕೆ ಹೆಚ್ಚು ಗಟ್ಟಿಯಾದುದನ್ನು ತರಬೇಕಾಯಿತು. 1965ರಲ್ಲಿ ಏಳು ಲೀಟರಿನ ಎಂಜಿನ್ ಬಂದಾಗ ಚಾಸಿಸ್ಸೇ ಸಾಲದಾಗಿ, ಮೂರು ಅಂಗುಲದ ಕೊಳವೆಗಳ ಬದಲು ನಾಲ್ಕು ಅಂಗುಲದವನ್ನು ಬಳಸಿ, ಅಡ್ಡಲಾಗಿದ್ದ ಲೀಫ್ ಸ್ಪ್ರಿಂಗುಗಳನ್ನು ತೆಗೆದು ಕಾಯಿಲ್ ಸ್ಪ್ರಿಂಗ್ ಹಾಕಿ, ಕಾರನ್ನು ಬಹುಮಟ್ಟಿಗೆ ಹೊಸದಾಗಿ ರಚಿಸಬೇಕಾಯಿತು. ಎಂಜಿನ್ ಬದಲಾವಣೆ ಎಂಬುದು ಎಂಜಿನ್ನಿನಲ್ಲೇ ನಿಲ್ಲುವುದಿಲ್ಲ. ಅದು ಕ್ಲಚ್ಚಿಗೆ, ಗೇರ್‌ಬಾಕ್ಸಿಗೆ, ಹಿಂದಿನ ಆಕ್ಸಲ್ಲಿಗೆ, ಬ್ರೇಕಿಗೆ, ರೇಡಿಯೇಟರಿಗೆ, ಕಡೆಗೆ ಕಾರಿನ ಮೂಳೆಗೂ ತಲುಪುತ್ತದೆ. ಫೋರ್ಡಿನಂಥ ಕಂಪನಿಯ ಬೆಂಬಲವಿದ್ದ ಶೆಲ್ಬಿಗೆ ಇದನ್ನು ನಿಭಾಯಿಸುವುದು ಸಾಧ್ಯವಾಯಿತು. ಮನೆಯ ಗ್ಯಾರೇಜಿನಲ್ಲಿ ಭಾನುವಾರಗಳನ್ನು ಕೂಡಿಸಿ ಕೆಲಸ ಮಾಡುವವರು ಈ ಸರಪಳಿಯ ಎಷ್ಟು ಕೊಂಡಿಗಳು ಈಗಾಗಲೇ ಗಟ್ಟಿಯಾಗಿವೆ ಎಂದು ನೋಡಿಯೇ ಕಾರು ಕೊಳ್ಳಬೇಕಾಗುತ್ತದೆ.

ಮೂಳೆಯ ವಿಷಯದಲ್ಲಿ ಹಳೆಯ ಸ್ಪೋರ್ಟ್ಸ್ ಕಾರುಗಳು ಎರಡು ಜಾತಿ. ಒಂದರಲ್ಲಿ ಉಕ್ಕಿನ ಚಾಸಿಸ್ ಬೇರೆ, ಅದರ ಮೇಲೆ ಕೂತ ಮೈ ಬೇರೆ. ಇನ್ನೊಂದರಲ್ಲಿ ಪ್ರತ್ಯೇಕ ಚಾಸಿಸ್ ಇರುವುದಿಲ್ಲ, ನೆಲದ ತಗಡು, ಬಾಗಿಲ ಕೆಳಗಿನ ಪೆಟ್ಟಿಗೆಯಾಕಾರದ ಸಿಲ್‌ಗಳು, ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆ, ಚಕ್ರದ ಒಳಕಮಾನುಗಳು ಎಲ್ಲವೂ ಬೆಸುಗೆಯಿಂದ ಒಂದಾಗಿ ಭಾರ ಹೊರುತ್ತವೆ. ಎರಡನೆಯದನ್ನು ಮೊನೊಕಾಕ್ ಎನ್ನುತ್ತಾರೆ. ಮೊಟ್ಟೆಯ ಚಿಪ್ಪಿಗೂ ಬಲ ಬರುವುದು ಇದೇ ರೀತಿಯಲ್ಲಿ. ಚಾಸಿಸ್ ಇರುವ ಕಾರಿನಲ್ಲಿ ಮೈ ಎತ್ತಿಟ್ಟು, ಚಾಸಿಸ್ಸನ್ನು ಬರಿದು ಮಾಡಿ, ಬೇಕಾದ ಕಡೆ ಗಟ್ಟಿಗೊಳಿಸಿ, ಎಂಜಿನ್ ಕೂರುವ ಕಟ್ಟೆಗಳನ್ನು ಹೊಸದಾಗಿ ಬೆಸೆಯಬಹುದು. ಆದ್ದರಿಂದ ಕೆಲಸಕ್ಕೆ ಅದು ಅನುಕೂಲವೆಂಬುದು ಸಾಂಪ್ರದಾಯಿಕ ನಂಬಿಕೆ. ಆದರೆ ಹಳೆಯ ಚಾಸಿಸ್‌ಗಳು ತಿರುಚುವ ಬಲಕ್ಕೆ ಅಷ್ಟಾಗಿ ತಡೆಯುವುದಿಲ್ಲ, ಮೇಲೆ ಛಾವಣಿಯಿಲ್ಲದ ತೆರೆದ ಕಾರಾದರಂತೂ ಇನ್ನೂ ಕಡಿಮೆ. ಮೊನೊಕಾಕ್ ಚೆನ್ನಾಗಿದ್ದರೆ ಚಾಸಿಸ್ಸಿಗಿಂತ ಬಿಗಿಯಾಗಿರುತ್ತದೆ. ಕೆಟ್ಟಿದ್ದರೆ ಅದಕ್ಕಿಂತ ಅಪಾಯಕಾರಿಯಾದುದು ಇನ್ನೊಂದಿಲ್ಲ.

ಕೆಡಿಸುವುದು ತುಕ್ಕು. ಅದು ಹೊರಗೆ ಕಾಣುವ ಜಾಗದಲ್ಲಿ ಶುರುವಾಗುವುದು ಅಪರೂಪ. ನೀರು ನಿಲ್ಲುವ ಪೆಟ್ಟಿಗೆಯಾಕಾರದ ಒಳಭಾಗಗಳಲ್ಲಿ, ಬ್ಯಾಟರಿಯ ಆಮ್ಲ ತೊಟ್ಟಿಕ್ಕುವ ತಟ್ಟೆಯಡಿಯಲ್ಲಿ, ಗಾಜಿನ ಮುಂದಿನ ಗಾಳಿತೂಬಿನ ಕೆಳಗೆ ಅದು ಹತ್ತಾರು ವರ್ಷ ಸದ್ದಿಲ್ಲದೆ ಬೆಳೆದು, ಮೇಲೆ ಬಣ್ಣದ ಗುಳ್ಳೆಯಾಗಿ ಎದ್ದಾಗ ಒಳಗೆ ತಗಡು ಉಳಿದಿರುವುದಿಲ್ಲ. ಮಾರುವವರು ಇಂಥ ಜಾಗಗಳಿಗೆ ಪುಟ್ಟಿ ಮೆತ್ತಿ ಬಣ್ಣ ಬಳಿದಿರುವ ಸಂಭವವೂ ಇರುವುದರಿಂದ, ಅಯಸ್ಕಾಂತವೊಂದನ್ನು ತೆಳುಬಟ್ಟೆಯಲ್ಲಿ ಸುತ್ತಿ ಮೈಯುದ್ದಕ್ಕೂ ಹಿಡಿದು ನೋಡುವುದು ಹಳೆಯ ಉಪಾಯ. ತಗಡಿರುವಲ್ಲಿ ಅಂಟುತ್ತದೆ, ಪುಟ್ಟಿಯಿರುವಲ್ಲಿ ಜಾರುತ್ತದೆ. ಇದಕ್ಕಿಂತ ನಂಬಲರ್ಹವಾದ ಪರೀಕ್ಷೆ ಬಾಗಿಲಿನದು. ತೆರೆದ ಮೊನೊಕಾಕ್ ಕಾರನ್ನು ಒಂದು ಬದಿಯಲ್ಲಿ ಜಾಕ್‌ನಿಂದ ಎತ್ತಿ, ಆ ಬದಿಯ ಬಾಗಿಲನ್ನು ತೆರೆದು ಮುಚ್ಚಿ ನೋಡಬೇಕು. ಬಾಗಿಲು ಉಜ್ಜಿದರೆ, ಅಥವಾ ಅದರ ಸುತ್ತಲಿನ ಸಂದು ಮೇಲೊಂದು ಕೆಳಗೊಂದು ಅಳತೆಯಾದರೆ, ಸಿಲ್‌ಗಳು ತಮ್ಮ ಕೆಲಸ ಬಿಟ್ಟಿವೆ ಎಂದೇ ಅರ್ಥ. ಅಂಥ ಕಾರಿನ ಸಿಲ್ ಕತ್ತರಿಸುವ ಮುನ್ನ ಬಾಗಿಲ ಚೌಕಟ್ಟಿಗೆ ಅಡ್ಡಪಟ್ಟಿ ಬೆಸೆಯದಿದ್ದರೆ ಇಡೀ ಮೈ ನಡುವೆ ಬಾಗಿ ಹೋಗುತ್ತದೆ, ಮತ್ತೆ ನೇರವಾಗುವುದಿಲ್ಲ. ಬೆಲೆ ಕಡಿಮೆಯೆಂದು ಇಂಥದನ್ನು ಕೊಳ್ಳುವುದು ಅಗ್ಗದ ಆಸೆಗೆ ಮುಗ್ಗಿದ ಜೋಳ ಕೊಂಡಂತೆ. ಓಡದ ಎಂಜಿನ್, ಹರಿದ ಸೀಟು, ಸುಟ್ಟ ವೈರಿಂಗ್ ಇರುವ, ಆದರೆ ಒಣ ಪ್ರದೇಶದಲ್ಲಿ ನಿಂತು ತಗಡು ಉಳಿಸಿಕೊಂಡ ಕಾರು, ಹೊಳೆಯುವ ಬಣ್ಣದ ಕಾರಿಗಿಂತ ಹಾಟ್ ರಾಡ್ ಕಟ್ಟುವವರಿಗೆ ಮೇಲು; ಹೇಗೂ ಕಿತ್ತೆಸೆಯಬೇಕಾದ ಎಂಜಿನ್ನಿಗೆ ಹಣ ಕೊಡುವ ಅಗತ್ಯವಿಲ್ಲ.

ಎಂಜಿನ್ನಿನ ಪ್ರಶ್ನೆಯನ್ನು ಎತ್ತಬೇಕಾದದ್ದು ಇಲ್ಲಿ, ಅದೂ ಮೊದಲು ತೂಕ ಮತ್ತು ಜಾಗದ ಲೆಕ್ಕದಲ್ಲಿ, ಶಕ್ತಿಯ ಲೆಕ್ಕ ಆಮೇಲೆ. ಈ ವಿಷಯದಲ್ಲಿ ಒಂದೇ ಕಾರ್ಖಾನೆ ಒಂದೇ ಮೈಯ ಮೇಲೆ ನಡೆಸಿದ ಎರಡು ಪ್ರಯೋಗಗಳು ಪಾಠದಂತಿವೆ. 1967ರಲ್ಲಿ ಬ್ರಿಟನ್ನಿನ ಎಂಜಿಬಿ ಎಂಬ ಸ್ಪೋರ್ಟ್ಸ್ ಕಾರಿಗೆ ಮೂರು ಲೀಟರಿಗೆ ಹತ್ತಿರದ, ಎರಕದ ಕಬ್ಬಿಣದ ಆರು ಸಿಲಿಂಡರ್ ಎಂಜಿನ್ ಹಾಕಿ ಎಂಜಿಸಿ ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಲಾಯಿತು. ಆ ಎಂಜಿನ್ ಮೊದಲಿನದಕ್ಕಿಂತ 90 ಕಿಲೋಗೂ ಹೆಚ್ಚು ಭಾರವಾಗಿದ್ದು, ಮೂಗು ಭಾರವಾದ ಕಾರು ತಿರುವಿನಲ್ಲಿ ಹೊರಕ್ಕೆ ಜಾರುತ್ತದೆಂಬ ಟೀಕೆಗೆ ಗುರಿಯಾಗಿ, 1969ರಲ್ಲೇ ನಿಂತುಹೋಯಿತು. 1973ರಲ್ಲಿ ಅದೇ ಎಂಜಿಬಿಯ ಛಾವಣಿಯುಳ್ಳ ಜಿಟಿ ಮಾದರಿಗೆ ರೋವರ್‌ನ 3.5 ಲೀಟರ್ ವಿ8 ಬಂದಿತು. ಅಮೆರಿಕದ ಬ್ಯೂಕ್ 1961ರಲ್ಲಿ ಹೊರತಂದು ಕೆಲವೇ ವರ್ಷಗಳಲ್ಲಿ ಕೈಬಿಟ್ಟಿದ್ದ ಈ ಅಲ್ಯೂಮಿನಿಯಂ ಎಂಜಿನ್ನಿನ ಹಕ್ಕನ್ನು ರೋವರ್ ಕೊಂಡಿತ್ತು; ಎಂಟು ಸಿಲಿಂಡರ್ ಇದ್ದರೂ ಅದು ಎಂಜಿಬಿಯ ಕಬ್ಬಿಣದ ನಾಲ್ಕು ಸಿಲಿಂಡರ್ ಎಂಜಿನ್ನಿನಷ್ಟೇ ತೂಗುತ್ತಿತ್ತು. ವಾಸ್ತವದಲ್ಲಿ ಈ ಸಾಧ್ಯತೆಯನ್ನು ಕಾರ್ಖಾನೆಗಿಂತ ಮೊದಲು ತೋರಿಸಿಕೊಟ್ಟದ್ದು ಕೆನ್ ಕಾಸ್ಟೆಲ್ಲೊ ಎಂಬ ಖಾಸಗಿ ತಜ್ಞರು, 1970ರ ಸುಮಾರಿಗೆ ತಮ್ಮದೇ ವರ್ಕ್‌ಶಾಪಿನಲ್ಲಿ. ಹಾಟ್ ರಾಡ್ ಮನೋಭಾವ ಕಾರ್ಖಾನೆಗೆ ಪಾಠ ಹೇಳಿದ ಅಪರೂಪದ ಪ್ರಸಂಗವಿದು.

ಜಾಗದ ಪಾಠವನ್ನು ಕಲಿಸುವ ಕಾರು ಸನ್‌ಬೀಮ್ ಟೈಗರ್. ಕೋಬ್ರಾ ಕಂಡು ಆಸೆಪಟ್ಟ ರೂಟ್ಸ್ ಸಂಸ್ಥೆಯವರು ತಮ್ಮ ಸೌಮ್ಯವಾದ ಆಲ್ಪೈನ್ ಕಾರಿಗೆ ಅದೇ ಫೋರ್ಡ್ ವಿ8 ತುರುಕಿ 1964ರಲ್ಲಿ ಮಾರುಕಟ್ಟೆಗೆ ತಂದರು. ಎಂಜಿನ್ ಕೂತಿತು, ಆದರೆ ಎಷ್ಟು ಇಕ್ಕಟ್ಟಾಗಿ ಕೂತಿತೆಂದರೆ, ಹಿಂದಿನ ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಲು ಕ್ಯಾಬಿನ್ನಿನೊಳಗಿಂದ ಗೋಡೆಯಲ್ಲಿ ತೂತು ಕೊರೆದು ಮುಚ್ಚಳ ಇಡಬೇಕಾಯಿತು. ಸ್ಟೀರಿಂಗ್ ವ್ಯವಸ್ಥೆಯನ್ನೇ ಬದಲಿಸಬೇಕಾಯಿತು. ಸಂಸ್ಥೆ ಕ್ರೈಸ್ಲರ್ ಕೈಗೆ ಹೋದಮೇಲೆ ಪ್ರತಿಸ್ಪರ್ಧಿ ಫೋರ್ಡಿನ ಎಂಜಿನ್ ಮುಂದುವರಿಸಲು ಒಡೆಯರಿಗೆ ಮನಸ್ಸಿರಲಿಲ್ಲ, ಕ್ರೈಸ್ಲರ್‌ನ ಸ್ವಂತ ವಿ8ಗೆ ಡಿಸ್ಟ್ರಿಬ್ಯೂಟರ್ ಹಿಂಭಾಗದಲ್ಲಿದ್ದುದರಿಂದ ಅದು ಆ ಬಾನೆಟ್ಟಿನಡಿ ಹಿಡಿಸುವಂತಿರಲಿಲ್ಲ. 1967ರಲ್ಲಿ ಟೈಗರ್ ಮುಗಿಯಿತು. ಅಂದರೆ ಒಂದು ಎಂಜಿನ್ ಹಿಡಿಸುತ್ತದೆಯೇ ಎಂಬುದಕ್ಕೆ ಉದ್ದ ಅಗಲದ ಅಳತೆ ಸಾಕಾಗದು; ಎಣ್ಣೆಯ ತಟ್ಟೆ ಎಲ್ಲಿ ಇಳಿಯುತ್ತದೆ, ಹೊಗೆಕೊಳವೆ ಸ್ಟೀರಿಂಗ್ ಸರಳಿಗೆ ತಾಗುತ್ತದೆಯೇ, ಪ್ಲಗ್ಗಿಗೆ ಸ್ಪಾನರ್ ಹೋಗುತ್ತದೆಯೇ, ಬಿಸಿಗಾಳಿ ಹೊರಹೋಗಲು ದಾರಿಯಿದೆಯೇ ಎಂಬ ಪ್ರಶ್ನೆಗಳೂ ಅಷ್ಟೇ ಮುಖ್ಯ. 1997ರಲ್ಲಿ ಜನರಲ್ ಮೋಟರ್ಸ್ ಎಲ್ಎಸ್1 ಎಂಬ 5.7 ಲೀಟರಿನ ಅಲ್ಯೂಮಿನಿಯಂ ವಿ8 ತಂದಮೇಲೆ ಹೆಚ್ಚಿನವರು ಹಳೆಯ ಕಬ್ಬಿಣದ ಎಂಜಿನ್‌ಗಳನ್ನು ಬಿಟ್ಟು ಅದರತ್ತ ತಿರುಗಿದ್ದಾರೆ. ತೂಕದ ಸಮಸ್ಯೆ ತಗ್ಗಿದೆ, ಆದರೆ ಶಕ್ತಿ ಬಹಳ ಏರಿದ್ದರಿಂದ ಆಕ್ಸಲ್ ಮತ್ತು ಬ್ರೇಕಿನ ಸಮಸ್ಯೆ ಹಿಂದಿಗಿಂತ ದೊಡ್ಡದಾಗಿದೆ.

ಇನ್ನು ನಿರ್ದಿಷ್ಟ ಕಾರುಗಳ ಮಾತು. ಎಂಜಿಬಿ 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಮಿಕ್ಕಿ ತಯಾರಾದ ಮೊನೊಕಾಕ್ ಕಾರು. ಬಿಡಿಭಾಗಗಳ ದೃಷ್ಟಿಯಿಂದ ಅದಕ್ಕೆ ಸಮನಾದುದನ್ನು ಹೆಸರಿಸುವುದು ಕಷ್ಟ, ಏಕೆಂದರೆ ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆ 1988ರಿಂದ ಮೂಲ ಅಚ್ಚುಗಳನ್ನು ಬಳಸಿ ಇಡೀ ಮೈಯನ್ನೇ ಹೊಸದಾಗಿ ಒತ್ತಿ ಮಾರುತ್ತಿದೆ. 1992ರಲ್ಲಿ ರೋವರ್ ಕಂಪನಿ ಹೊರತಂದ, ಬಹುಪಾಲು ಜಪಾನಿಗೆ ಹೋದ ಎಂಜಿ ಆರ್‌ವಿ8 ಕಾರಿಗೂ ಆ ಮೈಯೇ ಆಧಾರವಾಗಿತ್ತು. ಆ ಕಾರಿನಲ್ಲಿ ಹೊಗೆಕೊಳವೆಗಳನ್ನು ಚಕ್ರದ ಒಳಕಮಾನಿನ ಮೂಲಕ ಹೊರತೆಗೆದ ವಿಧಾನವನ್ನು ಮನೆಯಲ್ಲಿ ಕಟ್ಟುವವರೂ ಅನುಸರಿಸಿದ್ದಾರೆ. 1967ರ ಕೊನೆಯಿಂದ ಗೇರ್‌ಬಾಕ್ಸ್ ಕೂರುವ ಸುರಂಗ ಅಗಲವಾಗಿದೆ, ಆದ್ದರಿಂದ ಅದಕ್ಕಿಂತ ಹಿಂದಿನವು ಈ ಕೆಲಸಕ್ಕೆ ಅಷ್ಟು ಒದಗುವುದಿಲ್ಲ. 1974ರ ಕೊನೆಯಲ್ಲಿ ಅಮೆರಿಕದ ಸುರಕ್ಷತಾ ನಿಯಮಗಳಿಗಾಗಿ ಹೊಳೆಯುವ ಕ್ರೋಮ್ ಬಂಪರ್ ಹೋಗಿ ದಪ್ಪನೆಯ ಕಪ್ಪು ರಬ್ಬರ್ ಬಂಪರ್ ಬಂತು, ಕಾರು ಸುಮಾರು ಒಂದೂವರೆ ಅಂಗುಲ ಎತ್ತರವಾಯಿತು. ಅಭಿಮಾನಿಗಳು ಮುಖ ತಿರುಗಿಸಿದರು. ವಿಪರ್ಯಾಸವೆಂದರೆ ಆ ಕಾಲದ ಮೈಯ ಎಂಜಿನ್ ಕೋಣೆಯನ್ನು ವಿ8 ಮಾದರಿಗೂ ಹೊಂದುವಂತೆ ರೂಪಿಸಲಾಗಿತ್ತು. ಯಾರಿಗೂ ಬೇಡವಾದ ರಬ್ಬರ್ ಬಂಪರ್ ಕಾರೇ ಎಂಜಿನ್ ಬದಲಿಸುವವರಿಗೆ ಅಗ್ಗವೂ ಹೌದು, ಸುಲಭವೂ ಹೌದು. ಎತ್ತರ ಇಳಿಸುವುದು ದೊಡ್ಡ ಕೆಲಸವಲ್ಲ. ಒಂದು ಮಾತು: ಕಡ್ಡಿಗಳ ವೈರ್ ಚಕ್ರಗಳು ಕಣ್ಣಿಗೆ ಚಂದವಾದರೂ, ಕಾರ್ಖಾನೆಯವರೇ ವಿ8 ಮಾದರಿಗೆ ಅವುಗಳನ್ನು ಕೊಡದೆ ಬೇರೆ ಚಕ್ರ ಹಾಕಿದ್ದರೆಂಬುದನ್ನು ಮರೆಯಬಾರದು.

ಟ್ರಯಂಫ್‌ನ ಟಿಆರ್6, 1976ರವರೆಗೆ ತಯಾರಾದ, ಪ್ರತ್ಯೇಕ ಚಾಸಿಸ್‌ನ, 2.5 ಲೀಟರಿನ ಆರು ಸಿಲಿಂಡರ್ ಕಾರು. ಬಾನೆಟ್ಟಿನಡಿ ಉದ್ದಕ್ಕೆ ಜಾಗವಿದೆ, ನೋಟಕ್ಕೆ ಗಂಡುಗಲಿಯಂತಿದೆ. ಅದರ ದೌರ್ಬಲ್ಯ ಹಿಂಭಾಗದಲ್ಲಿ. ಡಿಫರೆನ್ಷಿಯಲ್ ಚಾಸಿಸ್ಸಿಗೆ ಅಂಟಿಕೊಂಡಿರುವ ಗೂಟಗಳು ಮೂಲ ಎಂಜಿನ್ನಿನ ಬಲಕ್ಕೇ ಸೀಳುವುದುಂಟು, ಹಿಂದಿನ ಸಸ್ಪೆನ್ಷನ್ ತೋಳುಗಳ ಬುಡದಲ್ಲಿ ಚಾಸಿಸ್ ತುಕ್ಕು ಹಿಡಿಯುತ್ತದೆ. ಆದ್ದರಿಂದ ವಿ8 ಹಾಕುವವರು ಹಿಂಭಾಗವನ್ನು ಹೊಸದಾಗಿ ಕಟ್ಟುವ ಲೆಕ್ಕವಿಟ್ಟುಕೊಂಡೇ ಹೊರಡಬೇಕು. ಅದೇ ಕಂಪನಿಯ ಸ್ಪಿಟ್‌ಫೈರ್ ಇನ್ನೂ ಚಿಕ್ಕದು, ಮೂರು ಲಕ್ಷಕ್ಕೂ ಹೆಚ್ಚು ತಯಾರಾದದ್ದು, ಇಡೀ ಮುಂಭಾಗ ಮುಂದಕ್ಕೆ ಮಗುಚಿಕೊಳ್ಳುವುದರಿಂದ ಎಂಜಿನ್ ಕೆಲಸಕ್ಕೆ ಅಷ್ಟು ಸಲೀಸಾದ ಕಾರು ಬೇರೊಂದಿಲ್ಲ. ಆದರೆ ಅದರ ತೆಳ್ಳನೆಯ ಹಿಂದಿನ ಆಕ್ಸಲ್ಲಿಗೆ ವಿ8 ಎಂಬುದು ಮರಣಶಾಸನ. ಹೊಸ ಕಾಲದ, ಹಗುರವಾದ ನಾಲ್ಕು ಸಿಲಿಂಡರ್ ಎಂಜಿನ್ನಿಗೆ ತೃಪ್ತರಾಗುವವರಿಗೆ ಅದು ತಕ್ಕದ್ದು.

ಜಪಾನಿನ ಡಾಟ್ಸನ್ 240ಝಡ್ ಒಂದು ಕಾಲಕ್ಕೆ ಈ ಪಟ್ಟಿಯ ತಲೆಯಲ್ಲಿತ್ತು. 1969ರ ಕೊನೆಗೆ ಬಂದ, ಅಮೆರಿಕದಲ್ಲಿ 3,526 ಡಾಲರಿಗೆ ಮಾರಾಟವಾದ ಈ ಛಾವಣಿಯುಳ್ಳ ಕಾರಿಗೆ ಉದ್ದನೆಯ ಆರು ಸಿಲಿಂಡರ್ ಎಂಜಿನ್ ಇದ್ದುದರಿಂದ, ಗಿಡ್ಡನೆಯ ವಿ8 ಮುಂದಿನ ಚಕ್ರಗಳ ರೇಖೆಗಿಂತ ಹಿಂದಕ್ಕೆ ಕೂತು ತೂಕ ಸಮನಾಗಿ ಹಂಚಿಕೆಯಾಗುತ್ತದೆ. ನಾಲ್ಕೂ ಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಷನ್ ಬೇರೆ. ತಾಂತ್ರಿಕವಾಗಿ ಇವತ್ತಿಗೂ ಅದನ್ನು ಮೀರಿಸುವ ಮೂಲ ಕಾರು ಸಿಗಲಾರದು. ಆದರೆ 2020ರಲ್ಲಿ ಚೆನ್ನಾಗಿ ಉಳಿದಿದ್ದ 240ಝಡ್ ಒಂದು 3,10,000 ಡಾಲರಿಗೆ ಹರಾಜಾದ ಮೇಲೆ, ಸುಸ್ಥಿತಿಯ ಕಾರನ್ನು ಕತ್ತರಿಸುವುದು ಹಣದ ದೃಷ್ಟಿಯಿಂದಲೇ ಅವಿವೇಕವಾಗಿದೆ. ಕೈಗೆಟುಕುವ ಬೆಲೆಗೆ ಸಿಗುವವು ತುಕ್ಕು ತಿಂದವು, ಈ ಮೈಯ ತಗಡಂತೂ ತೀರಾ ತೆಳು. ಅದರ ನಂತರದ 280ಝಡ್‌ನಲ್ಲಿ ಡಿಫರೆನ್ಷಿಯಲ್ ಹೆಚ್ಚು ಗಟ್ಟಿ, ಬೆಲೆ ಕಡಿಮೆ. ಬುದ್ಧಿವಂತರು ಅದನ್ನೇ ಹುಡುಕುತ್ತಾರೆ. ಅಮೆರಿಕದ್ದೇ ಆದ ಕಾರ್ವೆಟ್‌ನ ಮೂರನೆಯ ಪೀಳಿಗೆಯದು (1968ರಿಂದ 1982) ಫೈಬರ್‌ಗ್ಲಾಸ್ ಮೈ, ಪ್ರತ್ಯೇಕ ಚಾಸಿಸ್, ಹುಟ್ಟಿನಿಂದಲೇ ವಿ8. 1975ರ ಸಾಮಾನ್ಯ ಮಾದರಿಯ ಶಕ್ತಿ ಬರೀ 165 ಅಶ್ವಶಕ್ತಿಗೆ ಇಳಿದಿತ್ತಾದ್ದರಿಂದ ಆ ಎಂಜಿನ್ ತೆಗೆದರೆ ಯಾರಿಗೂ ನಷ್ಟವಿಲ್ಲ. ಆದರೆ ಮೈ ತುಕ್ಕು ಹಿಡಿಯದೆಂದು ನೆಮ್ಮದಿಯಿಂದಿರಲಾಗದು. ಗಾಜಿನ ಸುತ್ತಲಿನ ಉಕ್ಕಿನ ಪಂಜರ ಒಳಗೊಳಗೇ ಕೊಳೆಯುತ್ತದೆ.

ಕಾನೂನು ಈ ಎಲ್ಲ ಲೆಕ್ಕವನ್ನು ತಲೆಕೆಳಗು ಮಾಡಬಲ್ಲದು. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೆ ಹಿಂದಿನ ಮಾದರಿಯ ಪೆಟ್ರೋಲ್ ಕಾರುಗಳಿಗೆ ಹೊಗೆ ತಪಾಸಣೆಯಿಂದ ವಿನಾಯಿತಿಯಿದೆ. 1976ರಿಂದೀಚಿನ ಕಾರಿಗೆ ಬೇರೆ ಎಂಜಿನ್ ಹಾಕಿದರೆ ಆ ಎಂಜಿನ್ ಕಾರಿನ ಇಸವಿಯದೋ ಅದಕ್ಕಿಂತ ಹೊಸದೋ ಆಗಿದ್ದು, ಅದರ ಮಾಲಿನ್ಯ ನಿಯಂತ್ರಣ ಸಾಮಗ್ರಿಯೆಲ್ಲವೂ ಜೊತೆಗೆ ಬರಬೇಕು. ಬ್ರಿಟನ್ನಿನಲ್ಲಿ ನಲವತ್ತು ವರ್ಷ ದಾಟಿದ ಕಾರಿಗೆ ವಾರ್ಷಿಕ ತಪಾಸಣೆಯಿಂದ ಬಿಡುವು ಸಿಗುತ್ತದಾದರೂ ಗಣನೀಯವಾಗಿ ಬದಲಿಸಿದ ಕಾರಿಗೆ ಆ ಬಿಡುವು ಇಲ್ಲ. ಭಾರತದಲ್ಲಂತೂ ಬಾಗಿಲೇ ಮುಚ್ಚಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ಗೊತ್ತುಪಡಿಸಿದ ಮೂಲ ಸ್ವರೂಪವನ್ನು ಬದಲಿಸದಂತೆ ತಡೆಯುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದಿದೆ. 2021ರ ವಿಂಟೇಜ್ ನೋಂದಣಿ ನಿಯಮವೂ ಐವತ್ತು ವರ್ಷ ಮೀರಿದ, ಚಾಸಿಸ್, ಮೈ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡಾಗದ ವಾಹನಕ್ಕೆ ಮಾತ್ರ ಅನ್ವಯಿಸುತ್ತದೆ. ಆದ್ದರಿಂದ ಬೆಂಗಳೂರು, ಮೈಸೂರುಗಳ ಹಳೆಯ ಕಾರು ಪ್ರಿಯರಿಗೆ ಉಳಿದಿರುವ ದಾರಿ ಜೀರ್ಣೋದ್ಧಾರವೇ. ಹಾಟ್ ರಾಡ್ ಕಟ್ಟುವ ಅವಕಾಶ ಹೊರದೇಶಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಮಾತ್ರ.

ಕತ್ತರಿಸಬಾರದ ಕಾರುಗಳೂ ಇವೆ. ಎಂಜಿನ್ ಮತ್ತು ಮೈಯ ಸಂಖ್ಯೆಗಳು ಕಾರ್ಖಾನೆಯ ದಾಖಲೆಗೆ ಇಂದಿಗೂ ತಾಳೆಯಾಗುವ ಕಾರು, ಕೆಲವೇ ಸಾವಿರ ಸಂಖ್ಯೆಯಲ್ಲಿ ತಯಾರಾದ ಮಾದರಿ, ಮೂಲ ಬಣ್ಣವನ್ನೂ ಒಳಾಂಗಣವನ್ನೂ ಉಳಿಸಿಕೊಂಡ ಒಬ್ಬರೇ ಒಡೆಯರ ಕಾರು, ಇವನ್ನು ಹಾಟ್ ರಾಡ್ ಮಾಡುವುದು ಕಲ್ಬರಹವಿರುವ ಕಲ್ಲನ್ನು ಕಟ್ಟೆಗೆ ಹಾಸಿದಂತೆ. ಎಸಿ ಏಸ್ ಇಂದು ಆ ಗುಂಪಿಗೆ ಸೇರಿದೆ, ಟೈಗರ್ ಕೂಡ. ಕೋಬ್ರಾದ ರೂಪವೇ ಬೇಕೆನ್ನುವವರಿಗಾಗಿ ಫ್ಯಾಕ್ಟರಿ ಫೈವ್‌ನಂಥ ಕಂಪನಿಗಳು ಹಳೆಯ ಫೋರ್ಡ್ ಮಸ್ಟಾಂಗ್‌ನ ಎಂಜಿನ್, ಆಕ್ಸಲ್‌ಗಳನ್ನು ಸೇರಿಸಿ ಕಟ್ಟಬಹುದಾದ ಕೊಳವೆ ಚಾಸಿಸ್ ಮತ್ತು ಫೈಬರ್ ಮೈಯನ್ನು ಒದಗಿಸುತ್ತವೆ, ಅದರಿಂದ ಯಾವ ಹಳೆಯ ಕಾರಿಗೂ ಧಕ್ಕೆಯಿಲ್ಲ.

ಮೊದಲ ಸಲ ಕಟ್ಟುವವರು ತಗಡು, ತೂಕ, ಜಾಗ, ಬಿಡಿಭಾಗ, ಬೆಲೆ ಇವಿಷ್ಟನ್ನು ಒಟ್ಟಿಗೆ ತೂಗಿದರೆ ಆಯ್ಕೆ ಬಂದು ನಿಲ್ಲುವುದು ಸಿಲ್‌ಗಳು ಗಟ್ಟಿಯಾಗಿರುವ, ಎಂಜಿನ್ ಸತ್ತುಹೋಗಿರುವ, ರಬ್ಬರ್ ಬಂಪರಿನ ಎಂಜಿಬಿಯ ಮೇಲೆ. ಕ್ಯಾಲಿಫೋರ್ನಿಯಾದಲ್ಲಿರುವವರಿಗೆ ಇಸವಿಯೂ ಗೊತ್ತಾದಂತೆಯೇ: ರಬ್ಬರ್ ಬಂಪರ್ ಬಂದದ್ದು 1974ರ ಕೊನೆಯಲ್ಲಿ, ಹೊಗೆ ತಪಾಸಣೆಯ ವಿನಾಯಿತಿ ಮುಗಿಯುವುದು 1975ರ ಮಾದರಿಗೆ.